ನೆಂಟರಿದ್ದವರಿಗಷ್ಟೇ ತೆರೆದ ದಾರಿ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ: ಮೂರು ದಿನಗಳ ಚಳಿಗಾಲದ ಪ್ರವಾಸ ಮತ್ತು ಅದರ ಲೆಕ್ಕ

ಕಲಬುರಗಿ ಸೀಮೆಯ ಬಿಸಿಲಿನ ಬಗ್ಗೆ ನಾಡಿನಲ್ಲಿ ಮಾತಿಗೆ ಬರವಿಲ್ಲ. ಆದರೆ ಇಲ್ಲಿಯ ಚಳಿಗಾಲದ ಸೊಬಗು ಹೊರಗಿನವರಿಗಿರಲಿ, ನಮ್ಮವರ ಗಮನಕ್ಕೂ ಅಷ್ಟಾಗಿ ಬಂದಂತಿಲ್ಲ. ಕಾರ್ತಿಕ ಮಾಸ ಕಳೆದು ಸಂಕ್ರಾಂತಿ ಮುಗಿಯುವವರೆಗಿನ ಎರಡು ತಿಂಗಳು ನಮ್ಮ ಎರೆ ಭೂಮಿಗೆ ವರ್ಷದ ಅತ್ಯಂತ ಸೌಮ್ಯವಾದ ಕಾಲ. ಮುಂಜಾನೆ ತೆಳುವಾದ ಮಂಜು, ನಡುಹಗಲಿನಲ್ಲಿಯೂ ಮೈಗೆ ಹಿತವೆನಿಸುವ ಬಿಸಿಲು. ರಸ್ತೆಯ ಒಂದು ಮಗ್ಗುಲಿಗೆ ಕೊಯ್ಲಿಗೆ ಬಂದ ತೊಗರಿ, ಇನ್ನೊಂದು ಮಗ್ಗುಲಿಗೆ ಬಿಳಿಜೋಳ, ಕಡಲೆ, ಕುಸುಬೆಯ ಹಸಿರು. ಕಾಲ್ನಡಿಗೆಯಲ್ಲಿ ಊರು ನೋಡಲು ಇದಕ್ಕಿಂತ ಉತ್ತಮ ಕಾಲ ಬೇರೊಂದಿಲ್ಲ.

2024ರ ಡಿಸೆಂಬರ್ 28ರಿಂದ 30ರವರೆಗೆ ಈ ಲೇಖಕ ಸಕುಟುಂಬನಾಗಿ ಕಲಬುರಗಿಯಿಂದ ಹೊರಟು, ಜಿಲ್ಲೆಯ ಪೂರ್ವ ಭಾಗದ ಐದು ಊರುಗಳಲ್ಲಿರುವ ಬಂಧುಗಳ ಮನೆಗಳಿಗೆ ಕಾರಿನಲ್ಲಿ ಹೋಗಿಬಂದನು. ಬಂಧುಗಳ ಭೇಟಿ ಖಾಸಗಿ ವಿಷಯ. ವಾಣಿಜ್ಯ ಪತ್ರಿಕೆಯ ಪುಟಗಳಲ್ಲಿ ಅದಕ್ಕೆ ಸ್ಥಾನವೇನೆಂದು ಓದುಗರು ಕೇಳಬಹುದು. ಹಿಂದಿರುಗಿದ ಮೇಲೆ ವೃತ್ತಿಯ ಅಭ್ಯಾಸದಂತೆ ಖರ್ಚಿನ ಪಟ್ಟಿ ಬರೆಯಲು ಕುಳಿತಾಗ ಅದರಲ್ಲಿ ಮೂರೇ ಬಾಬುಗಳು ಕಂಡವು: ಡೀಸೆಲ್, ರಸ್ತೆ ಬದಿಯ ಚಹಾ ಮತ್ತು ನೆಂಟರ ಮನೆಗೆ ಒಯ್ದ ಹೂವು-ಹಣ್ಣು. ಐದು ಜನ ಮೂರು ದಿನ ತಿರುಗಾಡಿ ಉಂಡು ಮಲಗಿದ್ದಕ್ಕೆ ಬೇರೆ ಖರ್ಚಿರಲಿಲ್ಲ. ಇದನ್ನು ಮಿತವ್ಯಯವೆನ್ನಲಾಗದು. ಖರ್ಚು ಮಾಡಲು ಜಾಗವೇ ಇರಲಿಲ್ಲ. ನೆಂಟರಿಲ್ಲದ ಪ್ರವಾಸಿಯೊಬ್ಬ ಇದೇ ದಾರಿಯಲ್ಲಿ ಬಂದಿದ್ದರೆ ಎಲ್ಲಿ ಉಣ್ಣುತ್ತಿದ್ದ, ಎಲ್ಲಿ ತಂಗುತ್ತಿದ್ದ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಶಹಾಬಾದ: ಕಲ್ಲು ಹಾಸಿದ ಊರು

ಶಹಾಬಾದದ ಸೋದರತ್ತೆಯವರ ಮನೆಯಲ್ಲಿ ನೆಲ, ಜಗುಲಿ, ಮಾಡು, ಮಾಳಿಗೆಯ ಹಾಸು ಎಲ್ಲವೂ ಆ ಊರಿನ ಕಲ್ಲೇ. ಭೂವಿಜ್ಞಾನಿಗಳು ಭೀಮಾ ಶ್ರೇಣಿ ಎಂದು ಹೆಸರಿಸಿರುವ ಈ ಸುಣ್ಣಕಲ್ಲು ನೆಲದಡಿಯಲ್ಲಿ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಉಳಿ, ಸುತ್ತಿಗೆ, ಹಾರೆ ಹಿಡಿದ ಅನುಭವಿ ಕೈ ಅದನ್ನು ಸಮತಟ್ಟಾಗಿ ಎಬ್ಬಿಸಬಲ್ಲದು. ಮುಂಬೈ, ಪುಣೆ, ಹೈದರಾಬಾದುಗಳ ಹಳೆಯ ಅಡುಗೆಮನೆ, ಗೋದಾಮು, ರೈಲು ನಿಲ್ದಾಣಗಳಲ್ಲಿ ನಡೆದಾಡಿದವರೆಲ್ಲ ಗೊತ್ತಿಲ್ಲದೆಯೇ ಶಹಾಬಾದಿನ ಮೇಲೆ ಹೆಜ್ಜೆಯಿಟ್ಟವರು.

ಕಾನೂನಿನ ದೃಷ್ಟಿಯಲ್ಲಿ ಈ ಕಲ್ಲಿಗೆ ಎರಡು ಜನ್ಮ. ಹಾಸುಗಲ್ಲಾಗಿ ಹೊರಬಂದರೆ ‘ಶಹಾಬಾದ ಕಲ್ಲು’ ಎಂಬ ಹೆಸರಿನಲ್ಲಿ ಅದು ಉಪಖನಿಜ. ಸಿಮೆಂಟಿನ ಗೂಡಿಗೆ ಹೋದರೆ ಪ್ರಧಾನ ಖನಿಜ. ಮೊದಲನೆಯದು ಸಣ್ಣ ಗಣಿಗಾರರಿಗೆ ಮತ್ತು ಪಾಲಿಶ್ ಘಟಕಗಳಿಗೆ ಅನ್ನ ಕೊಟ್ಟಿತು. ಎರಡನೆಯದು ದೊಡ್ಡ ಕಾರ್ಖಾನೆಗಳನ್ನು ತಂದಿತು. 1936ರಲ್ಲಿ ಹಲವು ಕಂಪನಿಗಳ ವಿಲೀನದಿಂದ ಎಸಿಸಿ ರೂಪುಗೊಂಡಾಗ ಅದರಲ್ಲಿ ಸೇರಿದ್ದ ಕಂಪನಿಗಳ ಪೈಕಿ ಶಹಾಬಾದ ಸಿಮೆಂಟ್ ಕಂಪನಿಯೂ ಒಂದು. ಮುಂದೆ ಇದೇ ಊರಿನಲ್ಲಿ ಎಸಿಸಿ-ವಿಕರ್ಸ್-ಬ್ಯಾಬ್‌ಕಾಕ್ ಹೆಸರಿನ ಬಾಯ್ಲರ್ ಕಾರ್ಖಾನೆಯೂ ನಡೆಯಿತು. ಅತ್ತೆಯವರ ಯಜಮಾನರು ಆ ಪೀಳಿಗೆಯ ಕಾರ್ಮಿಕರು. ಹಳೆಯ ಸಿಮೆಂಟ್ ಕಾರ್ಖಾನೆ ಕೈ ಬದಲಾಯಿಸಿ ಕೊನೆಗೆ ನಿಂತುಹೋಯಿತು. ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ಹಾಸುಗಲ್ಲಿನ ಬೇಡಿಕೆಯೂ ಕುಗ್ಗಿತು. ಊರು ತಾಲ್ಲೂಕು ಕೇಂದ್ರವಾಗಿದೆ ನಿಜ. ಆದರೆ ಸಂಜೆ ಪಾಳಿಯ ಸೈರನ್ನಿಗೆ ಸಂತೆಯಂತೆ ತುಂಬುತ್ತಿದ್ದ ರಸ್ತೆಗಳ ಕಥೆಯನ್ನು ಈಗ ಹಿರಿಯರ ಬಾಯಿಂದ ಕೇಳಬೇಕು.

ಅಲ್ಲಿಂದ ಹೊನಗುಂಟಾಕ್ಕೆ ಹೋಗಿ ಕಾಗಿಣಾ ಮತ್ತು ಭೀಮಾ ಕೂಡುವ ಸಂಗಮದವರೆಗೆ ನಡೆದೆವು. ಚಳಿಗಾಲದ ನದಿ ಶಾಂತವಾಗಿತ್ತು. ದಂಡೆಯಲ್ಲಿ ಕೊಕ್ಕರೆಗಳು, ಮೀನು ಹಿಡಿಯುವ ಇಬ್ಬರು, ದೂರದಲ್ಲಿ ಹೊಲಕ್ಕೆ ನೀರೆತ್ತುವ ಪಂಪಿನ ಸದ್ದು. ಇಂತಹ ಸ್ಥಳದಲ್ಲಿ ಕೂರಲೊಂದು ಕಲ್ಲುಬೆಂಚು ಸಹ ಇಲ್ಲ. ಕಲ್ಲಿನ ಊರಿನ ಮಗ್ಗುಲಲ್ಲಿಯೇ ಇದು ಸೋಜಿಗದ ಸಂಗತಿ.

ವಾಡಿ ಮತ್ತು ಸನ್ನತಿ

ವಾಡಿಯನ್ನು ಊರಾಗಿಸಿದ್ದು ರೈಲು. ಮುಂಬೈ ಕಡೆಯಿಂದ ಬಂದ ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ಮಾರ್ಗ ವಾಡಿಯಿಂದ ಹೈದರಾಬಾದಿನ ಕಡೆಗೆ ತೆರೆದುಕೊಂಡಿತು. ಅಂದಿನಿಂದ ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳ ಕಾಳುಕಡಿ ಎತ್ತ ಸಾಗಬೇಕೆಂಬುದನ್ನು ನಿರ್ಧರಿಸಿದ್ದು ಈ ಜಂಕ್ಷನ್ನೇ. 1968ರಲ್ಲಿ ಇಲ್ಲಿ ಆರಂಭವಾದ ಎಸಿಸಿ ಕಾರ್ಖಾನೆ 2001ರಲ್ಲಿ ವರ್ಷಕ್ಕೆ 26 ಲಕ್ಷ ಟನ್ ಸಾಮರ್ಥ್ಯದ ಹೊಸ ಘಟಕವನ್ನು ಪಡೆಯಿತು; 2022ರಲ್ಲಿ ಎಸಿಸಿ ಅದಾನಿ ಸಮೂಹದ ಪಾಲಾಯಿತು.

ರೈಲ್ವೆಯಲ್ಲಿ ನೌಕರಿಯಲ್ಲಿರುವ ಕಾಕನ ಮಗ ರಾತ್ರಿ ಊಟಕ್ಕೆ ಕುಳಿತಾಗ ಹೇಳಿದ ಮಾತು ನೆನಪಿನಲ್ಲಿ ಉಳಿದಿದೆ. “ಅಣ್ಣಾ, ಇಲ್ಲಿ ದಿನಾ ಸಾವಿರಾರು ಮಂದಿ ಇಳೀತಾರ, ಗಾಡಿ ಬದಲಿ ಮಾಡ್ತಾರ, ಹೋಗ್ತಾರ. ಊರು ನೋಡ್ಲಿಕ್ಕಂತ ಇಳದವರನ್ನ ನಾ ಒಬ್ಬರನೂ ಕಂಡಿಲ್ಲ.”

ಇಳಿದರೆ ನೋಡಲು ಏನಿದೆ ಎಂಬ ಪ್ರಶ್ನೆಗೆ ಉತ್ತರ ಅದೇ ದಿನ ಮಧ್ಯಾಹ್ನ ನಮಗೆ ಸಿಕ್ಕಿತ್ತು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿದ ಮೇಲೆ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಸಮೀಪದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ಮಹಾಸ್ತೂಪವೊಂದು ಹೊರಬಂದಿತು. ಅದರ ಒಂದು ಫಲಕದಲ್ಲಿ ರಾಜದಂಪತಿಗಳ ಚಿತ್ರದೊಡನೆ ‘ರಾಯೋ ಅಸೋಕೋ’ ಎಂಬ ಬರಹವಿದೆ. ಅಶೋಕನ ಹೆಸರನ್ನೇ ಹೊತ್ತ ಚಿತ್ರ ಎಂಬ ಕಾರಣಕ್ಕೆ ಇದು ವಿದ್ವತ್ಲೋಕದಲ್ಲಿ ಪ್ರಸಿದ್ಧ. ವ್ಯಾಪಾರಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಸ್ತೂಪದ ಫಲಕಗಳೂ ಸುಣ್ಣಕಲ್ಲಿನವೇ. ಅವುಗಳ ಮೇಲೆ ದಾನಿಗಳ ಹೆಸರುಗಳನ್ನು ಕೆತ್ತಲಾಗಿದೆ. ಎರಡು ಸಾವಿರ ವರ್ಷಗಳ ಹಿಂದೆ ಈ ನೆಲದ ಕಲ್ಲು ಇಲ್ಲಿಯೇ ನಿಂತು, ಹಣವುಳ್ಳವರನ್ನು ತನ್ನೆಡೆಗೆ ಕರೆಸಿಕೊಂಡಿತ್ತು.

ಚಿತ್ತಾಪುರ: ಭಂಡಾರಿಗರ ನೆಲ

ಭಾನುವಾರ ಬೆಳಿಗ್ಗೆ ಚಿತ್ತಾಪುರದ ಬೀಗರ ಮನೆಯಲ್ಲಿ ಚಹಾ ಕುಡಿದು ನಾಗಾವಿಯ ಕಡೆಗೆ ಹೊರಟೆವು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಹೆಸರಾಂತ ಘಟಿಕಾಸ್ಥಾನ, ಇಂದಿನ ಮಾತಿನಲ್ಲಿ ವಿಶ್ವವಿದ್ಯಾಲಯ. 1058ರ ಶಾಸನ ಇಲ್ಲಿಯ ವಿದ್ಯಾರ್ಥಿಗಳ ಹಾಗೂ ಉಪಾಧ್ಯಾಯರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರನ್ನು, ಅಂದರೆ ಗ್ರಂಥಪಾಲಕರನ್ನು ಉಲ್ಲೇಖಿಸುತ್ತದೆ. ಅವರ ಜೀವನಕ್ಕೆ ಭೂಮಿಯನ್ನು ದತ್ತಿಯಾಗಿ ಬಿಟ್ಟ ವ್ಯವಸ್ಥೆಯೂ ಅದರಲ್ಲಿದೆ. ಪುಸ್ತಕ ಕಾಯುವವರಿಗೆ ಸಂಬಳದ ಮೂಲವನ್ನು ಮೊದಲೇ ಗೊತ್ತುಪಡಿಸಿದ ಈ ಶಿಸ್ತು ಯಾವ ಲೆಕ್ಕಪರಿಶೋಧಕನಿಗಾದರೂ ಸಂತೋಷ ಕೊಡುವಂಥದು. ಅರವತ್ತು ಕಂಬದ ಗುಡಿಯ ಸುತ್ತ ತಂಪು ಹೊತ್ತಿನಲ್ಲಿ ನಡೆಯುವಾಗ ನಮ್ಮ ಹೊರತು ಕಂಡವರು ಕುರಿ ಕಾಯುವ ಹುಡುಗನೊಬ್ಬನೇ.

ಹಿಂದಿರುಗಿ ಹೊರಡಲು ಅನುವಾದಾಗ ಬೀಗತಿಯವರು ಬಾಗಿಲಿಗೆ ಅಡ್ಡ ನಿಂತರು. “ಉಣದಾ ಹೊಂಟ್ರ ನಮ್ಮ ಮನೀ ಮರ್ಯಾದಿ ಏನ್ ಉಳೀತ್ರಿ?” ಅವರ ಮನೆಯ ಮರ್ಯಾದೆ ಉಳಿಯಿತು. ಪಟ್ಟಣದ ಹೊರಗಿನ ನಾಗಾವಿಗೆ ಬರುವ ಅಪರಿಚಿತನ ಮಟ್ಟಿಗೆ ಊರಿನ ಮರ್ಯಾದೆಯನ್ನು ಕಾಯುವವರು ಯಾರು ಎಂಬುದನ್ನು ನಾವು ಯೋಚಿಸಿಲ್ಲ.

ಮಳಖೇಡ ಮತ್ತು ಸೇಡಂ

ಸೇಡಂಗೆ ಹೋಗುವ ಮುನ್ನ ಮಳಖೇಡದಲ್ಲಿ ಇಳಿಯದೆ ಮುಂದೆ ಸಾಗುವುದು ಕನ್ನಡಿಗರಿಗೆ ಸಲ್ಲದು. ಕಾಗಿಣಾ ದಂಡೆಯ ಈ ಹಳ್ಳಿಯೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದೊಂದಿಗೆ ಕವಿರಾಜಮಾರ್ಗದ ಹೆಸರು ಸೇರಿಕೊಂಡಿರುವುದನ್ನು ಎಲ್ಲರೂ ಬಲ್ಲರು. ಅದೇ ಅರಸನನ್ನು ಸ್ತುತಿಸಿ ಆರಂಭವಾಗುವ ಇನ್ನೊಂದು ಗ್ರಂಥ ನಮ್ಮ ವೃತ್ತಿಬಾಂಧವರಿಗೆ ಹೆಚ್ಚು ಪರಿಚಯವಿಲ್ಲ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಎಂಬ ಈ ಸಂಸ್ಕೃತ ಕೃತಿಯಲ್ಲಿ ಬಡ್ಡಿಯ ಲೆಕ್ಕ, ಪಾಲುದಾರರಿಗೆ ಲಾಭ ಹಂಚುವ ಲೆಕ್ಕ, ಬೇರೆ ಬೇರೆ ಬಣ್ಣದ ಬಂಗಾರ ಬೆರೆಸಿದಾಗಿನ ಲೆಕ್ಕ ಎಲ್ಲವೂ ಇವೆ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕೋಟೆಯ ಗೋಡೆಯ ಮೇಲೆ ನಿಂತು ಕಾಗಿಣೆಯ ತಿರುವನ್ನು ನೋಡುತ್ತಿದ್ದಾಗ ಇದನ್ನು ಮಕ್ಕಳಿಗೆ ಹೇಳಿದೆನು. ಕೋಟೆ, ನೇಮಿನಾಥ ಬಸದಿ, ಜಯತೀರ್ಥರ ಸ್ಮರಣೆಗೆ ಬರುವ ಯಾತ್ರಿಕರ ಸಾಲು: ಇಷ್ಟು ಒಂದೇ ಹಳ್ಳಿಯಲ್ಲಿದ್ದೂ ಅವುಗಳನ್ನು ಬೆಸೆಯುವ ಒಂದು ನಕ್ಷೆಯ ಫಲಕ ನಮಗೆ ಕಾಣಲಿಲ್ಲ.

ಸೇಡಂ ಶಾಸನಗಳ ಸೇಡಿಂಬ. 12ನೇ ಶತಮಾನದಲ್ಲಿ ಇಲ್ಲಿಯ ಮುನ್ನೂರು ಮಹಾಜನರು ಒಟ್ಟುಗೂಡಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದರು. ಊರಿನ ಕೆಲಸಕ್ಕೆ ಊರಿನ ಪ್ರಮುಖರು ಒಗ್ಗೂಡುವ ಪದ್ಧತಿ ಹೊಸದಲ್ಲವೆಂದು ಇದರಿಂದ ತಿಳಿಯುತ್ತದೆ. ಇಂದಿನ ಸೇಡಂ ಸಿಮೆಂಟಿನ ಊರು. ಕೇಶೋರಾಮ್ ಇಂಡಸ್ಟ್ರೀಸ್ ಒಡೆತನದಲ್ಲಿದ್ದ ವಾಸವದತ್ತಾ ಕಾರ್ಖಾನೆ 2025ರ ಮಾರ್ಚ್‌ನಿಂದ ಅಲ್ಟ್ರಾಟೆಕ್‌ಗೆ ಸೇರಿದೆ. ಮಳಖೇಡದ ರಾಜಶ್ರೀ ಸಿಮೆಂಟ್ ಮೊದಲೇ ಅದರ ತೆಕ್ಕೆಗೆ ಹೋಗಿತ್ತು.

ಭಾವನವರದು ಚಿಕ್ಕ ದಾಲ್ ಮಿಲ್. ತೊಗರಿಗೆ ಎಣ್ಣೆ, ನೀರು ಸವರಿ ಬಿಸಿಲಿಗೆ ಹರಡಿ, ಸಿಪ್ಪೆ ಕಳಚಿ ಬೇಳೆಯಾಗುವವರೆಗಿನ ಹಂತಗಳನ್ನು ಮಕ್ಕಳು ಕುತೂಹಲದಿಂದ ನೋಡಿದರು. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಆದರೂ ಭಾವನವರ ಬೇಳೆ ಇಂದಿಗೂ ಗೋಣಿಚೀಲದಲ್ಲಿ ಹೊರರಾಜ್ಯಕ್ಕೆ ಹೋಗಿ ಅಲ್ಲಿಯ ಪ್ಯಾಕೆಟ್ಟಿನ ಹೆಸರು ಹೊತ್ತುಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ ಆರಂಭವಾದ ತೊಗರಿಯ ಮುಕ್ತ ಆಮದಿನ ಅವಧಿ ಮತ್ತೆ ಮತ್ತೆ ವಿಸ್ತರಣೆಗೊಂಡಿರುವುದರಿಂದ ಸುಗ್ಗಿಯಲ್ಲಿ ದರ ಯಾವಾಗ ಕುಸಿಯುವುದೋ ಎಂಬ ಅಳುಕೂ ಇದೆ. ಮಿಲ್ಲಿನ ಅಂಗಳದಲ್ಲಿ ಬೇಳೆ ಸಿದ್ಧವಾಗುವುದನ್ನು ಕಂಡವನು ಐದು ಕಿಲೋ ಕೊಳ್ಳದೆ ಹೋಗಲಾರ. ನಾವಂತೂ ಕೇಳಿದೆವು, ಭಾವನವರು ದುಡ್ಡು ಮುಟ್ಟಲಿಲ್ಲ.

ಚಿಂಚೋಳಿ: ಹೊಲದಲ್ಲಿ ಎಳ್ಳಮಾವಾಸ್ಯೆ

ಸೋಮವಾರ ಎಳ್ಳಮಾವಾಸ್ಯೆ. ನಮ್ಮ ಕಲಬುರಗಿ, ಬೀದರ ಸೀಮೆಯಲ್ಲಿ ಈ ದಿನ ಊರಿಗೆ ಊರೇ ಹೊಲಕ್ಕೆ ಸಾಗುತ್ತದೆ. ಚಿಂಚೋಳಿ ಸಮೀಪದ ಸೋದರಮಾವನ ಹೊಲದಲ್ಲಿ ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿದರು. ಹಸಿ ಕಾಳು, ಸೊಪ್ಪು, ಬದನೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಅಂಬಲಿ. ಮೂವತ್ತು ಜನ ಪಂಕ್ತಿ ಹಿಡಿದು ಕುಳಿತಿದ್ದಾಗ ರಸ್ತೆಯಲ್ಲಿ ಹೈದರಾಬಾದಿನ ಕಾರೊಂದು ನಿಂತಿತು. ಚಂದ್ರಂಪಳ್ಳಿ ನೋಡಿ ಹಿಂದಿರುಗುತ್ತಿದ್ದ ಕುಟುಂಬ. ಮಕ್ಕಳು ಹಸಿದಿದ್ದರು, ಊಟ ಎಲ್ಲಿ ಸಿಗುವುದೆಂದು ಕೇಳಿದರು. ಮಾವ ಅವರನ್ನು ಕರೆದು ಕೂರಿಸಿದರು. ಎದ್ದು ಹೋಗುವಾಗ ಆ ಗೃಹಸ್ಥರು ಹಣ ಕೊಡಲು ಬಂದರೆ ಮಾವನಿಗೆ ಬೇಸರವೇ ಆಯಿತು.

ಇಂತಹ ಪ್ರವಾಸಿಗಳಿಗೆ ಊಟದ ವ್ಯವಸ್ಥೆ ಮಾಡಿ ಹಣ ಪಡೆಯಬಾರದೇಕೆ ಎಂದು ನಾನು ಕೇಳಿದೆನು. “ಹಬ್ಬದ ದಿನ ಹೊಲಕ್ಕ ಬಂದವರ ಕಡಿಂದ ರೊಕ್ಕ ಇಸ್ಕೊಳ್ಳೋದೇನಪಾ? ಅದು ಆಗೋ ಮಾತಲ್ಲ,” ಎಂದರು ಮಾವ. ಪಾತ್ರೆ ಕಟ್ಟುತ್ತಿದ್ದ ಅತ್ತೆಯವರು ತಲೆಯೆತ್ತದೆ ಹೇಳಿದರು: “ಹಬ್ಬದ ದಿನ ಬ್ಯಾಡ. ಉಳದ ದಿನ ಯಾಕ ಆಗಬಾರದು? ಬಂದವರಿಗೆಲ್ಲಾ ರೊಟ್ಟಿ ಬಡಿಯೋ ಕೈಗೆ ಕೂಲಿ ಬ್ಯಾಡೇನು?”

ಮಾವನವರದು ಸಂಪ್ರದಾಯದ ಮಾತು; ಅತ್ತೆಯವರದು ಅರ್ಥಶಾಸ್ತ್ರದ ಮಾತು. ಎರಡಕ್ಕೂ ಜಾಗವಿದೆ. ಹಬ್ಬ ಮಾರಾಟದ ವಸ್ತುವಾಗಬಾರದು. ಆದರೆ ಹಬ್ಬವಿಲ್ಲದ ಮುನ್ನೂರೈವತ್ತು ದಿನ ಹೆಂಗಸರ ದುಡಿಮೆಗೆ ಬೆಲೆಯಿಲ್ಲದಿರುವುದೂ ಸರಿಯಲ್ಲ.

ಸಂಜೆ ಚಂದ್ರಂಪಳ್ಳಿ ಜಲಾಶಯದ ಬದಿಗೆ ನಡೆದೆವು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ್ದು. ಒಣ ಪ್ರದೇಶದ ಇಂತಹ ವನ್ಯಜೀವಿಧಾಮ ದಕ್ಷಿಣ ಭಾರತದಲ್ಲಿ ಇದೇ ಮೊದಲನೆಯದೆಂಬ ಹೆಗ್ಗಳಿಕೆ ಇದಕ್ಕಿದೆ. ತೋಳ, ಕತ್ತೆಕಿರುಬ, ನರಿಗಳಿಗೆ ಇದು ಆಶ್ರಯ. ಎತ್ತಿಪೋತದ ಜಲಪಾತ ಮಳೆಗಾಲದ ಸೊಬಗು. ಚಳಿಗಾಲದಲ್ಲಿ ಅದು ಕ್ಷೀಣ. ಆದರೆ ಕುಂಚಾವರಂ ಗುಡ್ಡಗಳ ನೆರಳು ನೀರಿನ ಮೇಲೆ ಚಾಚುವ ಹೊತ್ತಿನಲ್ಲಿ ಜಲಾಶಯದ ದಂಡೆಯ ನಡಿಗೆಗೆ ಸಮನಾದುದು ಈ ಜಿಲ್ಲೆಯಲ್ಲಿ ಮತ್ತೊಂದಿಲ್ಲ.

ಜಮಾ-ಖರ್ಚು

ಈಗ ಲೆಕ್ಕಕ್ಕೆ ಬರೋಣ. ಸಾಮಾನ್ಯ ದರ್ಜೆಯ ಸುಣ್ಣಕಲ್ಲಿಗೆ 2014ರಲ್ಲಿ ನಿಗದಿಯಾದ ರಾಜಧನ ಟನ್ನಿಗೆ 80 ರೂಪಾಯಿ. 2015ರ ಗಣಿ ಕಾಯ್ದೆಯ ತಿದ್ದುಪಡಿಯಂತೆ ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸಬೇಕು. ಆ ದರದಲ್ಲಿ ಇದು ಟನ್ನಿಗೆ 24 ರೂಪಾಯಿ. ಪ್ರವಾಸಿಯೊಬ್ಬ 120 ರೂಪಾಯಿ ಕೊಟ್ಟು ಒಂದು ಜೋಳದ ರೊಟ್ಟಿಯ ಊಟ ಮಾಡಿದರೆ, ಐದು ಟನ್ ಕಲ್ಲು ಪ್ರತಿಷ್ಠಾನಕ್ಕೆ ತಂದಷ್ಟು ಹಣ ನೇರವಾಗಿ ಒಂದು ಮನೆಗೆ ಬಂದಂತಾಯಿತು. ಕಾರ್ಖಾನೆಗಳು ಕೊಡುವ ಸಂಬಳ, ಸಾಗಣೆ, ತೆರಿಗೆಗಳನ್ನು ಈ ಹೋಲಿಕೆ ಒಳಗೊಂಡಿಲ್ಲ; ಅವುಗಳ ಕೊಡುಗೆ ದೊಡ್ಡದೆಂಬುದು ನಿಸ್ಸಂದೇಹ. ಹೇಳಬೇಕಾದುದು ಇಷ್ಟೇ: ಹೋದ ಕಲ್ಲು ಮರಳಿ ಬಾರದು, ತೃಪ್ತನಾಗಿ ಹೋದ ಅತಿಥಿ ಮುಂದಿನ ವರ್ಷ ಇನ್ನಿಬ್ಬರೊಡನೆ ಬರುತ್ತಾನೆ.

ಒಂದು ಅಂದಾಜು. ಚಂದ್ರಂಪಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ ಎಂಟು ಮನೆಗಳು ತಲಾ ಎರಡು ಕೋಣೆಗಳನ್ನು ಅಚ್ಚುಕಟ್ಟು ಮಾಡಿದವೆಂದು ತಿಳಿಯೋಣ. ಚಳಿಗಾಲದ 12 ವಾರಾಂತ್ಯಗಳಲ್ಲಿ ವಾರಕ್ಕೆ 40 ಅತಿಥಿಗಳು ಬಂದು, ವಾಸ್ತವ್ಯ ಮತ್ತು ಊಟಕ್ಕೆ ತಲಾ 1,500 ರೂಪಾಯಿ ಕೊಟ್ಟರೆ ಒಟ್ಟು 7,20,000 ರೂಪಾಯಿ, ಮನೆಗೆ 90,000. ಅರ್ಧ ಖರ್ಚಿಗೆ ಹೋದರೂ 45,000 ಉಳಿಯುತ್ತದೆ. ಎಕರೆಗೆ ಐದು ಕ್ವಿಂಟಲ್ ತೊಗರಿ ಬೆಳೆದು 2024-25ರ ಬೆಂಬಲ ಬೆಲೆಯಾದ 7,550ಕ್ಕೆ ಮಾರಿದರೆ ಖರ್ಚು ಕಳೆಯುವ ಮುನ್ನ ದೊರೆಯುವುದು 37,750. ತೊಗರಿಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ನೆಟೆ ರೋಗ ಬಂದ ವರ್ಷ ಮನೆಯನ್ನು ಕಾಪಾಡಬಲ್ಲ ಎರಡನೆಯ ಬೆಳೆ ಇದು.

ಅವಸರಕ್ಕೆ ಕಾರಣವೂ ಇದೆ. ಅದೇ 2015ರ ತಿದ್ದುಪಡಿಯಂತೆ, ಸ್ವಂತ ಕಾರ್ಖಾನೆಯ ಬಳಕೆಗಾಗಿ ಪಡೆದ ಹಳೆಯ ಗಣಿ ಗುತ್ತಿಗೆಗಳ ಅವಧಿ 2030ರ ಮಾರ್ಚ್ 31, ನವೀಕರಣದ ಅವಧಿಯ ಅಂತ್ಯ ಅಥವಾ ಗುತ್ತಿಗೆಯ 50 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ಅನಂತರ ಹರಾಜು. ಯಾವ ಗಣಿ ಯಾರ ಕೈ ಸೇರುವುದೋ ಯಾರೂ ಹೇಳಲಾರರು. ಒಂದೇ ಕಾರ್ಖಾನೆಯನ್ನು ನಂಬಿದ ಊರಿನ ಗತಿಯನ್ನು ಶಹಾಬಾದ ಈಗಾಗಲೇ ತೋರಿಸಿಕೊಟ್ಟಿದೆ. ವಾಡಿ, ಸೇಡಂಗಳಿಗೆ ಆ ಪಾಠ ಕಲಿಯಲು ಇನ್ನೂ ಸಮಯವಿದೆ.

ಮಾಡಬಹುದಾದ ನಾಲ್ಕು ಕೆಲಸಗಳು

1. ಹೊನಗುಂಟಾ, ಸನ್ನತಿ, ನಾಗಾವಿ, ಮಳಖೇಡ, ಚಂದ್ರಂಪಳ್ಳಿಗಳನ್ನು ಜೋಡಿಸುವ ಚಳಿಗಾಲದ ಮಾರ್ಗದ ನಕ್ಷೆಯನ್ನು ಕನ್ನಡ, ತೆಲುಗು, ಮರಾಠಿ, ಹಿಂದಿಗಳಲ್ಲಿ ಸಿದ್ಧಪಡಿಸಿ ವಾಡಿ, ಸೇಡಂ ರೈಲು ನಿಲ್ದಾಣಗಳಲ್ಲಿ ಪ್ರದರ್ಶಿಸುವುದು. ಫಲಕಗಳನ್ನು ಶಹಾಬಾದ ಕಲ್ಲಿನಲ್ಲಿಯೇ ಕೆತ್ತಿಸಿದರೆ ಅಲ್ಲಿಯ ಕುಶಲಕರ್ಮಿಗಳಿಗೂ ಕೆಲಸ.

2. ಈ ಐದೂ ಸ್ಥಳಗಳಲ್ಲಿ ಶುಚಿಯಾದ ಶೌಚಾಲಯ ಮತ್ತು ಕುಡಿಯುವ ನೀರು. ನೀರು ಮತ್ತು ನೈರ್ಮಲ್ಯ ಖನಿಜ ಪ್ರತಿಷ್ಠಾನದ ನಿಧಿಯ ಆದ್ಯತಾ ಬಾಬುಗಳೇ ಆಗಿರುವುದರಿಂದ, ಗಣಿಬಾಧಿತ ಹಳ್ಳಿಗಳ ಮಟ್ಟಿಗೆ ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸಲು ಅಡ್ಡಿಯಿಲ್ಲ.

3. ಅತಿಥಿಗಳಿಗೆ ಮನೆ ತೆರೆಯಲು ಮುಂದಾಗುವ ಕುಟುಂಬಗಳಿಗೆ ಕಾಗದಪತ್ರಗಳ ನೆರವು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ನೋಂದಣಿಯ ಹೊರೆ ಸಾಮಾನ್ಯವಾಗಿ ಇರುವುದಿಲ್ಲ. ನೋಂದಾಯಿತ ವಸತಿಗೃಹಗಳಿಗೂ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಯ ಮೇಲಿನ ತೆರಿಗೆ ಇನ್‌ಪುಟ್ ಜಮೆಯಿಲ್ಲದೆ ಶೇ. 5ಕ್ಕೆ ಇಳಿದಿದೆ. ನಮ್ಮ ವೃತ್ತಿಯವರು ತಿಂಗಳಿಗೊಂದು ಶನಿವಾರ ತಾಲ್ಲೂಕು ಕೇಂದ್ರದಲ್ಲಿ ಕುಳಿತರೆ ಈ ಕೆಲಸ ನಡೆಯುತ್ತದೆ.

4. ದಾಲ್ ಮಿಲ್ಲುಗಳ ಅಂಗಳದಲ್ಲಿ ಭೌಗೋಳಿಕ ಸೂಚ್ಯಂಕದ ಮುದ್ರೆಯುಳ್ಳ, ಒಂದು ಮತ್ತು ಐದು ಕಿಲೋ ಬೇಳೆಯ ಚೀಲಗಳ ಚಿಲ್ಲರೆ ಮಾರಾಟ. 2025ರ ಜನವರಿ-ಫೆಬ್ರವರಿಯಲ್ಲಿ ಸೇಡಂ ಬಳಿ ನಡೆದ ಭಾರತೀಯ ಸಂಸ್ಕೃತಿ ಉತ್ಸವಕ್ಕೆ ಬಂದ ಜನಸಾಗರವನ್ನು ಕಂಡವರಿಗೆ ಗಿರಾಕಿಗಳ ಕೊರತೆಯ ಮಾತು ಒಪ್ಪಿಗೆಯಾಗದು.

ಇವುಗಳಲ್ಲಿ ಯಾವುದೂ ಕೋಟಿಗಳ ಯೋಜನೆಯಲ್ಲ. ಸೇಡಿಂಬದ ಮುನ್ನೂರು ಮಹಾಜನರಲ್ಲಿ ಇದ್ದದ್ದು ಒಗ್ಗಟ್ಟು. ಅದೇ ಒಗ್ಗಟ್ಟನ್ನು ಐದು ಊರುಗಳ ವರ್ತಕರು, ಗಿರಣಿ ಮಾಲೀಕರು, ಕಾರ್ಖಾನೆಗಳ ಆಡಳಿತ ವರ್ಗದವರು ತೋರಬೇಕಾಗಿದೆ. ನಮ್ಮ ಸೀಮೆಯ ಆತಿಥ್ಯ ಇಂದು ನೆಂಟಸ್ತನದ ಬಾಗಿಲಿನಿಂದ ಮಾತ್ರ ಒಳಗೆ ಬಿಡುತ್ತದೆ. ವಾಡಿಯಲ್ಲಿ ಗಾಡಿ ಬದಲಿಸುವ ಅಪರಿಚಿತನಿಗೂ ಒಂದು ಬಾಗಿಲು ಬೇಕು. ಸದಸ್ಯ ಬಂಧುಗಳು ಮುಂದಿನ ಕಾರ್ತಿಕದೊಳಗೆ ತಂತಮ್ಮ ಊರಿನಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಬಲ್ಲ ಎಂಟು ಮನೆಗಳ ಪಟ್ಟಿಯನ್ನು ಸಿದ್ಧಪಡಿಸಿ ಸಂಸ್ಥೆಯ ಕಚೇರಿಗೆ ಕಳುಹಿಸಿಕೊಟ್ಟರೆ, ಕೆಲಸ ಅಲ್ಲಿಂದ ಆರಂಭವಾಗಬಹುದು.